ಮುಟ್ಟಬೇಡಿ, ಬೇಕಾದರೆ ಒಯ್ಯಿರಿ

ಪ್ರದರ್ಶನವೆಂದರೆ ವಸ್ತುಗಳು ಒಂದೇ ಕಡೆ ಇರಬೇಕು, ಜನ ಓಡಾಡಬೇಕು. ಇಷ್ಟೇ ನಿಯಮ. ನಮ್ಮ ಕಾರವಾರ, ಅಂಕೋಲೆಯ ಕಡೆ ಮಾತ್ರ ಜನ ಒಂದೇ ಕಡೆ ನಿಂತುಬಿಡುತ್ತಾರೆ, ವಸ್ತುಗಳು ಊರು ಸುತ್ತುತ್ತವೆ. ಚಳಿಗಾಲ ಬಂತೆಂದರೆ ಇಂಥದ್ದೊಂದು ಆಗಲೇಬೇಕು. ನಾನು ಕಾರವಾರದ ಒಂದು ವಿಮಾ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಸಂಜೆ ಐದರ ಮೇಲೆ ನಮ್ಮ ಪುಟ್ಟ ಕಲಾ ಮಂಡಳಿಯ ಕಾರ್ಯದರ್ಶಿ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಏನನ್ನೂ ಸೇರಿಸಿಲ್ಲ. ಸೇರಿಸುವ ಅಗತ್ಯವೇ ಬೀಳಲಿಲ್ಲ.

೧. ಬಿಸಿಲಿನ ಕೋಣೆ

ಇದಕ್ಕೆಲ್ಲ ಮೂಲ ಅಂಕೋಲೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರು. ಚಿತ್ರ ಬರೆಯುವುದು ಅವರ ಕೆಲಸವಾಗಿತ್ತು. ಹಳೆಯ ಪಾತ್ರೆ, ದೀಪ, ಒನಕೆ, ಬೀಸುಕಲ್ಲು ಕೂಡಿಹಾಕುವುದು ಹುಚ್ಚು. ಅವರ ಮನೆಯ ಜಗುಲಿ ತುಂಬಿ, ಮಾಳಿಗೆ ತುಂಬಿ, ಕೊನೆಗೆ ಬಚ್ಚಲಿಗೆ ಹೋಗುವ ದಾರಿಯೂ ತುಂಬಿತ್ತು.

"ಒಂದು ತಂಬಿಗೆ ಬಿಸಿನೀರು ತರಬೇಕಾದ್ರೆ ನಾನು ನೂರು ವರ್ಷ ಹಿಂದೆ ಹೋಗಿ ಬರಬೇಕು" ಎಂದು ಅವರ ಹೆಂಡತಿ ಹೇಳುತ್ತಿದ್ದರು.

ಒಂದು ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಮಾಸ್ತರರು, ಅವರ ಹೆಂಡತಿ, ನಾನು ಮತ್ತು ಮಂಡಳಿಯ ನಾಲ್ಕಾರು ಜನ ಬಾಡಿಗೆಗೆ ಒಂದು ಟ್ರಾಕ್ಸ್ ಗಾಡಿ ಮಾಡಿಕೊಂಡು ಬಯಲುಸೀಮೆಯ ಒಂದು ಹಳೆಯ ರಾಜಧಾನಿಗೆ ಹೊರಟೆವು. ಅಲ್ಲೊಂದು ಒಳ್ಳೆಯ ಮ್ಯೂಸಿಯಂ ಇದೆ, ಅದನ್ನು ಹೇಗೆ ಇಟ್ಟಿದ್ದಾರೆ ನೋಡಿ ಕಲಿಯಬೇಕು ಎಂಬುದು ನನ್ನ ಉದ್ದೇಶ. ಅದಕ್ಕಾಗಿ ಒಂದು ನೋಟ್‌ಬುಕ್ಕೂ ಎರಡು ಪೆನ್ನೂ ತಂದಿದ್ದೆ. ಉಳಿದವರು ಏನೂ ತಂದಿರಲಿಲ್ಲ, ಸ್ವೆಟರ್ ಕೂಡ. ಕಡಲ ಬದಿಯವರಿಗೆ ಚಳಿ ಎಂದರೆ ಪೇಪರಿನಲ್ಲಿ ಓದುವ ಸುದ್ದಿ. ಬೆಳಿಗ್ಗೆ ಎಂಟಕ್ಕೆ ಟ್ರಾಕ್ಸ್ ಇಳಿದಾಗ ಒಬ್ಬರು ಹಾಸಿಗೆಯ ಚಾದರ ಹೊದ್ದುಕೊಂಡಿದ್ದರು, ಇನ್ನೊಬ್ಬರು ತಲೆಗೆ ಸ್ನಾನದ ಟವೆಲು ಬಿಗಿದಿದ್ದರು. ಮಾಸ್ತರರ ಕೋಟು ಅವರ ಹೆಂಡತಿಯ ಮೈಮೇಲಿತ್ತು, ಮಾಸ್ತರರು ನಡುಗುತ್ತಿದ್ದರು.

ಮೊದಲ ಕೋಣೆಯಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಒಂದು ಬೀಸುಕಲ್ಲು ಇತ್ತು. ಮಾಸ್ತರರ ಹೆಂಡತಿ ಅದನ್ನು ಸುತ್ತು ಹಾಕಿ ನೋಡಿದರು.

"ಇದಕ್ಕೆ ಗಾಜು, ಲೈಟು, ಕಾವಲಿಗೆ ಒಂದು ಜನ. ನಮ್ಮನೇಲಿ ಇಂಥದ್ದು ಮೂರು ಬಿದ್ದಿವೆ. ದಿನಾ ಕಾಲು ಎಡವಿಸಿಕೊಂಡು ನಾನು ಬೈತೆ."

"ಅದಕ್ಕೇ ಹೇಳೂದು ಕಣೆ, ಇದಕ್ಕೆ ಬೆಲೆ ಇದೆ ಅಂತ" ಎಂದರು ಮಾಸ್ತರರು ಹಿಗ್ಗಿ.

"ಬೆಲೆ ಇದ್ದರೆ ಗಾಜಿನೊಳಗೆ ಇಡಿ. ಮುಂದಿನ ಸಂಕ್ರಾಂತಿಯೊಳಗೆ ನನ್ನ ಮನೆ ಖಾಲಿ ಆಗಬೇಕು. ಇಲ್ಲಾ, ಗುಜರಿಯವನನ್ನು ನಾನೇ ಕರೀತೆ."

ಆಕೆ ತಮಾಷೆ ಮಾಡುವ ಹೆಂಗಸಲ್ಲ. ಮಾಸ್ತರರ ಹಿಗ್ಗು ಅಲ್ಲಿಗೆ ಇಳಿಯಿತು.

ಆಮೇಲೆ ಶಿಲಾಶಾಸನಗಳ ಕೋಣೆಗೆ ಬಂದೆವು. ಬರೀ ಕಲ್ಲು, ಸವೆದ ಅಕ್ಷರ. ನಾನು ಎರಡು ಪುಟ ಟಿಪ್ಪಣಿ ಮಾಡಿಕೊಂಡು ತಲೆಯೆತ್ತಿದರೆ ನಮ್ಮವರು ಯಾರೂ ಅಲ್ಲಾಡಿರಲಿಲ್ಲ. ಎಲ್ಲರೂ ಒಂದು ದೊಡ್ಡ ಶಾಸನದ ಎದುರು ಸಾಲಾಗಿ ನಿಂತಿದ್ದಾರೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮುಕ್ಕಾಲು ಗಂಟೆ. ನನಗೆ ಹೆಮ್ಮೆಯಾಯಿತು. ಮೂಲೆಯಲ್ಲಿ ಸ್ಟೂಲು ಹಾಕಿ ಕೂತಿದ್ದ ಕಾವಲುಗಾರ ಎದ್ದು ಬಂದು ಕೈ ಮುಗಿದ.

"ಹದಿನೈದ ವರ್ಷ ಆತ್ರಿ ನಾ ಇಲ್ಲಿ. ಈ ಕಲ್ಲಿನ ಮುಂದ ಎರಡ ನಿಮಿಷ ನಿಂತವ್ರನ್ನ ನೋಡಿಲ್ಲ. ನೀವೆಲ್ಲ ಶಾಸನ ಓದಾವ್ರೇನ್ರಿ?"

ಮಾಸ್ತರರ ಹೆಂಡತಿ ಕೋಟಿನೊಳಗಿಂದ ಹೇಳಿದರು: "ಅಲ್ಲ ತಮ್ಮಾ. ಈ ಕಿಟಕಿಯೊಳಗೆ ಬಿಸಿಲು ಬರ್ತದೆ."

೨. ನಲವತ್ತೆರಡನೆಯದು

ಕಾರವಾರದಲ್ಲಿ ಒಂದು ಹಳೆಯ ಸರಕಾರಿ ಕಟ್ಟಡವಿತ್ತು. ಅದರಲ್ಲಿ ಒಂದು ಸಭಾಂಗಣ, ಬದಿಗೆ ವರ್ಷಗಟ್ಟಲೆ ಬೀಗ ಜಡಿದಿದ್ದ ಎರಡು ಕೋಣೆ. ಆ ಕೋಣೆ ಸಿಕ್ಕರೆ ಮಾಸ್ತರರ ಸಂಗ್ರಹಕ್ಕೆ ಒಂದು ಕಾಯಂ ಮನೆಯಾಗುತ್ತದೆ. ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಸಾಹೇಬರ ಬಳಿ ಮಾಸ್ತರರೂ ನಾನೂ ಹೋದೆವು. ಅವರು ನನ್ನ ಅರ್ಜಿಯನ್ನು ಪೂರ್ತಿ ಓದಿದರು, ಒಂದು ಅಲ್ಪವಿರಾಮಕ್ಕೆ ಕೆಂಪು ಗುರುತು ಹಾಕಿದರು. ಅಲ್ಲಿಗೇ ಅವರ ಮೇಲೆ ನನಗೆ ಗೌರವ ಮೂಡಿತು.

"ಡಿಸೆಂಬರಿನಲ್ಲಿ ಒಂದು ವಾರ ಸಭಾಂಗಣದಲ್ಲಿ ಪ್ರದರ್ಶನ ಇಡಿ" ಎಂದರು. "ವಸ್ತುಗಳ ಪಟ್ಟಿ ಮೊದಲೇ ಕೊಡಿ. ಕೊನೆಯ ದಿನ, ಭಾನುವಾರ, ಬಂದು ಒಂದೊಂದಾಗಿ ತಾಳೆ ನೋಡುತ್ತೇನೆ. ಎಲ್ಲ ಸರಿ ಇದ್ದರೆ ಎರಡೂ ಕೋಣೆ ನಿಮ್ಮದು. ಒಂದು ಕಡಿಮೆಯಿದ್ದರೂ ಇಲ್ಲ. ವಸ್ತು ಕಾಯಲಾರದವರಿಗೆ ಕೋಣೆ ಯಾಕೆ?"

ಪಟ್ಟಿ ಮಾಡಲು ಮಾಸ್ತರರ ಮನೆಗೆ ಹೋದೆ. ಕ್ರಮಸಂಖ್ಯೆ, ವಸ್ತು, ವಯಸ್ಸು, ಕೊಟ್ಟವರು, ಷರಾ, ಹೀಗೆ ಐದು ಅಂಕಣ; ಮೂರು ಪ್ರತಿ.

"ನೀವು ಇಂಗ್ಲಿಷ್ ಮೀಡಿಯಮ್ಮಿನವರು, ನೀರು ಕುಡಿಯೂಕೂ ಫಾರ್ಮು ಬೇಕು" ಎಂದರು ಮಾಸ್ತರರು.

"ಕೊಟ್ಟವರು" ಎಂಬ ಅಂಕಣಕ್ಕೆ ಬಂದಾಗ ಒಂದು ಸಂಗತಿ ತಿಳಿಯಿತು. ಹೆಚ್ಚಿನ ವಸ್ತುಗಳನ್ನು ಯಾರೂ ಕೊಟ್ಟೇ ಇರಲಿಲ್ಲ. ಅಂಕೋಲೆಯ ಸುತ್ತಲಿನ ಮನೆಗಳವರು, "ನಿಮ್ಮಲ್ಲಿ ಇರ್ಲಿ ಮಾಸ್ತರೇ, ಬೇಕಾದಾಗ ಒಯ್ತೇವೆ" ಎಂದು ಇಟ್ಟುಹೋಗಿದ್ದರು.

"ಬೇಕಾದಾಗ ಎಂದರೆ ಯಾವಾಗ?" ಎಂದೆ.

"ಮದುವೆಗೋ ಮುಂಜಿಗೋ. ಈಗ ಯಾರು ಒಯ್ತಾರ್ರಾ? ಎಲ್ಲಾ ಬಾಡಿಗೆ ಪಾತ್ರೆ, ಕೇಟರಿಂಗು. ಹತ್ತು ವರ್ಷ ಆಯ್ತು, ಒಬ್ಬರೂ ಬರಲಿಲ್ಲ."

ಕಾಗದದ ಮೇಲೆ ಇಲ್ಲದ ಕರಾರು ನನಗೆ ಸೇರುವುದಿಲ್ಲ. ಆದರೆ ಒಬ್ಬೊಬ್ಬರ ಮನೆಗೆ ಹೋಗಿ ಸಹಿ ತರಲು ಸಮಯವಿರಲಿಲ್ಲ. ನಲವತ್ತೊಂದು ವಸ್ತುಗಳಾದವು. ಪಟ್ಟಿಯ ಕೆಳಗೆ ಗೆರೆ ಎಳೆಯುವಾಗ ಮಾಸ್ತರರ ಹೆಂಡತಿ ಚಹಾ ತಂದಿಟ್ಟು, ಗಂಡನ ಕಡೆ ಕೈ ತೋರಿಸಿದರು.

"ಇವರನ್ನೂ ಬರಕೊಳ್ಳಿ, ನಲವತ್ತೆರಡನೇದು. ಸೆಟ್ಟು ಒಡೀಬಾರದು."

೩. ಎರಡು ಗಾಳಿಯ ದೋಣಿ

ಪ್ರದರ್ಶನದ ಮೊದಲ ದಿನ ಸೋಮವಾರ. ಮೇಜುಗಳ ಮೇಲೆ ಹಳೆಯ ವಸ್ತುಗಳು, ಗೋಡೆಗೆ ಚಿತ್ರಗಳು. ಪ್ರತಿಯೊಂದರ ಮುಂದೆ ನಾನು ಟೈಪು ಮಾಡಿಸಿದ ಚೀಟಿ. ನಾಲ್ಕು ಕಡೆ "ದಯವಿಟ್ಟು ಮುಟ್ಟಬೇಡಿ" ಎಂಬ ಫಲಕ.

ಬಾಗಿಲಿನ ಎದುರು ಗೋಡೆಯಲ್ಲಿ ಮಾಸ್ತರರ ಅತ್ಯಂತ ದೊಡ್ಡ ಚಿತ್ರ: ಅಲೆಗಳ ನಡುವೆ ಒಂದು ಹಾಯಿದೋಣಿ, ಒಳಗೆ ನಾಲ್ಕು ಜನ. ಅದಕ್ಕೆ ಎರಡು ವರ್ಷ ಹಿಡಿದಿತ್ತಂತೆ. ಸಂಜೆ ಅಂಕೋಲೆಯ ಬದಿಯ ಕೇಣಿಯಿಂದ ಐದಾರು ಮೀನುಗಾರರು ಬಂದರು. ಸಭಾಂಗಣದೊಳಗೆ ಹೆಜ್ಜೆಯಿಟ್ಟವರು ಆ ಚಿತ್ರದ ಮುಂದೆ ನಿಂತೇಬಿಟ್ಟರು. ಮಾಸ್ತರರು ಕೈ ಹಿಂದೆ ಕಟ್ಟಿಕೊಂಡು, ಹೊಗಳಿಕೆ ಬರುವ ದಿಕ್ಕಿಗೆ ಸ್ವಲ್ಪ ವಾಲಿ ನಿಂತರು.

ಅವರಲ್ಲಿ ಹಿರಿಯ ಕೇಳಿದ: "ಮಾಸ್ತರೇ, ಇದು ಯಾವ ಕಡೆ ಗಾಳಿ?"

"ಯಾಕೆ?"

"ಹಾಯಿ ಬಲಕ್ಕೆ ಉಬ್ಬಿದೆ. ಬಾವುಟ ಎಡಕ್ಕೆ ಹಾರ್ತದೆ."

ನಾನೂ ನೋಡಿದೆ. ಹೌದು. ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಚೀಟಿ ಬರೆದ ನನ್ನ ಕಣ್ಣಿಗೂ. ಅಷ್ಟರಲ್ಲಿ ಮೀನುಗಾರರಲ್ಲಿ ಎರಡು ಪಕ್ಷವಾಯಿತು. ಒಬ್ಬ ದೋಣಿ ಅಡಿಮೇಲಾಗ್ತದೆ ಎಂದ. ಇನ್ನೊಬ್ಬ, ಇಲ್ಲ, ಚುಕ್ಕಾಣಿ ಹಿಡಿದವ ಜಾಣ ಇದ್ದರೆ ದಡಕ್ಕೆ ತರ್ತಾನೆ ಎಂದ. "ಇಂವ ಜಾಣ ಅಲ್ಲ, ಮೋರೆ ನೋಡು" ಎಂದ ಮೂರನೆಯವ. ಗಲಾಟೆ ಕೇಳಿ ರಸ್ತೆಯಲ್ಲಿ ಹೋಗುವವರೂ ಒಳಗೆ ಬಂದರು. ಆ ದಿನ ಅತಿ ಹೆಚ್ಚು ಜನ ನೋಡಿದ ಚಿತ್ರ ಅದೇ.

ಮಾಸ್ತರರು ಕೆಂಪಾದರು. "ಇದು ಕಲೆ. ಕಲೆಯಲ್ಲಿ ಗಾಳಿ ಹೇಗೆ ಬೇಕಾದರೂ ಬೀಸಬಹುದು."

"ಕಲೆ ಇರ್ಲಿ ಮಾಸ್ತರೇ" ಎಂದ ಹಿರಿಯ, ಬಹಳ ಮೆತ್ತಗೆ. "ಒಳಗೆ ನಾಕು ಜನ ಇದ್ದಾರಲ್ಲ."

ಆ ರಾತ್ರಿ ಮಾಸ್ತರರಿಗೆ ಊಟ ಸೇರಲಿಲ್ಲವಂತೆ. ಮರುದಿನ ಬೆಳಿಗ್ಗೆ ಸಭಾಂಗಣ ತೆರೆಯುವ ಮೊದಲೇ ಬಣ್ಣದ ಡಬ್ಬಿ ಹಿಡಿದು ಬಂದು, ಏಣಿ ಹತ್ತಿ, ಬಾವುಟವನ್ನು ಬಲಕ್ಕೆ ತಿರುಗಿಸಿದರು. ಸಂಜೆ ಹಿರಿಯ ಮತ್ತೆ ಹಾಜರು. ಇದನ್ನೇ ನೋಡಲು ಕೇಣಿಯಿಂದ ಬಸ್ಸಿನಲ್ಲಿ ಬಂದಿದ್ದ. ತಲೆ ಓರೆ ಮಾಡಿ ನೋಡಿ ಉಸಿರು ಬಿಟ್ಟ.

"ಈಗ ಮನೆ ಸೇರ್ತಾರೆ."

ಮಾಸ್ತರರ ಮುಖ ಅರಳಿತು. ಹಿರಿಯ ಬಾಗಿಲ ತನಕ ಹೋದವನು ತಿರುಗಿ ಬಂದ.

"ಬರಿಗೈಯಲ್ಲೇ ಸೇರಬೇಕು ಅನ್ನಿ. ಬಲೆ ಹಾಕೂಕೆ ನೀವು ಮರ್ತಿದ್ದೀರಿ."

೪. ಅಬ್ಬಲಿಗೆ ಮಾಲೆ

ಮಾಸ್ತರರ ಶಿಷ್ಯನೊಬ್ಬ ಕೋಡಿಬಾಗದ ಅಜ್ಜನೊಬ್ಬನ ಮುಖಚಿತ್ರ ಬರೆದಿದ್ದ. ಕಾಳಿ ನದಿಗೆ ಸೇತುವೆ ಬರುವ ಮೊದಲು ಜನರನ್ನು ದಾಟಿಸುವ ತಾರಿ ದೋಣಿ ನಡೆಸಿದ ಅಜ್ಜ. ಬಿಳಿ ಮೀಸೆ, ಸುಕ್ಕು ಮುಖ, ದೂರ ನೋಡುವ ಕಣ್ಣು. ಒಳ್ಳೆಯ ಕೆಲಸ.

ಬುಧವಾರ ಕಚೇರಿ ಮುಗಿಸಿ ಬಂದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಚಪ್ಪಲಿ ಬಿಡಿ ಎಂದು ನಾನು ಎಲ್ಲೂ ಬರೆಸಿರಲಿಲ್ಲ. ಒಳಗೆ ಹೋದರೆ ಅಜ್ಜನ ಚಿತ್ರಕ್ಕೆ ದಪ್ಪನೆಯ ಅಬ್ಬಲಿಗೆ ಹೂವಿನ ಮಾಲೆ. ಕೆಳಗೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಜನ ಒಬ್ಬೊಬ್ಬರಾಗಿ ಬಂದು ಕೈ ಮುಗಿದು ಮುಂದೆ ಹೋಗುತ್ತಿದ್ದಾರೆ. ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒತ್ತಿಕೊಂಡು, "ಒಳ್ಳೆ ಜೀವ ಆಗಿತ್ತು" ಎಂದು ಪಕ್ಕದವಳಿಗೆ ಹೇಳುತ್ತಿದ್ದಳು.

ಸಭಾಂಗಣ ಗುಡಿಸುವ ಹೆಂಗಸನ್ನು ಕರೆದು ಕೇಳಿದೆ: "ಇದು ಯಾರು ಹಾಕಿದ್ದು?"

"ನಾನೇ ಸಾಹೇಬ್ರೆ. ಇಷ್ಟು ದೊಡ್ಡ ಫೋಟೋ ಮಾಡ್ಸಿ ಇಟ್ಟಾರೆ, ಮನೆಯವ್ರು ಮೂರು ದಿನದಿಂದ ಒಂದು ಹೂ ತಂದು ಹಾಕ್ಲಿಲ್ಲ. ನೋಡೂಕೆ ಆಗಲಿಲ್ಲ."

"ಅವರು ಬದುಕಿದ್ದಾರೆ."

"ಹೌದಾ?" ಎಂದಳು ಆಕೆ ಅನುಮಾನದಿಂದ, ಮಾಲೆ ನೋಡಿ, ನನ್ನನ್ನು ನೋಡಿ.

ಮಾಲೆ ತೆಗೆಯಲೆಂದು ನಾನು ಸ್ಟೂಲು ಎಳೆಯುತ್ತಿದ್ದಾಗಲೇ ಅಜ್ಜ ಬಂದ. ಹೊಸ ಅಂಗಿ, ಜೊತೆಗೆ ಅಜ್ಜಿ. ತನ್ನ ಚಿತ್ರ ತೂಗುಹಾಕಿದ್ದಾರೆಂದು ಕೇಳಿ ನೋಡಲು ಬಂದದ್ದು. ನೇರ ಚಿತ್ರದ ಮುಂದೆ ಬಂದು ನಿಂತ, ಮಾಲೆ ನೋಡಿದ, ಚಪ್ಪಲಿ ಹಿಂದೆ ಬಿಟ್ಟ, ಕೈ ಮುಗಿದ. ಆಮೇಲೆ ನನ್ನ ಕಡೆ ವಾಲಿ ಪಿಸುಗುಟ್ಟಿದ:

"ಪಾಪ. ಯಾರು? ಎಲ್ಲೋ ನೋಡಿದ ಹಾಗಿತ್ತು."

ಅಜ್ಜಿ ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ಎಂಥ ಎಲ್ಲೋ ನೋಡೂದು? ಅದು ನೀವೇ. ಯಾವ ಹಲ್ಕಟ್ಟು ಮಾಲೆ ಹಾಕಿದ್ದು ಇದಕ್ಕೆ?"

ಗುಡಿಸುವ ಹೆಂಗಸು ಕಸಬರಿಗೆ ಹಿಡಿದು ಹಿಂಬಾಗಿಲಿನಿಂದ ಹೋದಳು. ಅಜ್ಜಿ ಸ್ಟೂಲು ಹತ್ತಲು ಹೊರಟಳು. ಅಜ್ಜ ತಡೆದ.

"ಇರ್ಲಿ ಬಿಡೆ. ಹೋದ ಮೇಲೆ ಯಾರ್ಯಾರು ಬತ್ತಾರೆ ಅಂತ ನೋಡೂಕೆ ಯಾರಿಗೆ ಸಿಕ್ತದೆ?"

ಒಂದು ಕುರ್ಚಿ ತರಿಸಿಕೊಂಡು ತನ್ನ ಚಿತ್ರದ ಪಕ್ಕದಲ್ಲೇ ಕಾಲು ಚಾಚಿ ಕೂತ. ಕೈ ಮುಗಿದವರಿಗೆಲ್ಲ ತಲೆಯಾಡಿಸಿದ. ಅರ್ಧ ಗಂಟೆ ಎಲ್ಲ ಸರಿಯಿತ್ತು. ಆಮೇಲೆ ಅವನ ತಂಗಿಯ ಮಗ ಒಳಗೆ ಬಂದ. ಕಿವಿಗೆ ಮೊಬೈಲು ಹಿಡಿದು ಮಾತಾಡುತ್ತ, ಮಾಲೆ ಹಾಕಿದ ಮಾವನ ಚಿತ್ರವನ್ನು ಒಂದು ಸಲ ನೋಡಿ, ಸುಮ್ಮನೆ ಮುಂದೆ ದಾಟಿದ.

ಕುರ್ಚಿಯಿಂದ ಅಜ್ಜನ ದನಿ ಬಂತು: "ಯಂಕ್ಟಾ, ನಾನು ಸತ್ತದ್ದೂ ಕಾಣೂದಿಲ್ವನಾ ನಿಂಗೆ?"

ಹುಡುಗನ ಮೊಬೈಲು ಕೆಳಗೆ ಬಿದ್ದು ಎರಡು ತುಂಡಾಯಿತು.

೫. ಕೊನೆಯ ಮುಹೂರ್ತ

ಡಿಸೆಂಬರಿನ ಎರಡನೆಯ ವಾರವನ್ನು ಆರಿಸಿದವನು ನಾನೇ. ಮಳೆಯಿಲ್ಲ, ಸೆಕೆಯಿಲ್ಲ, ಹಬ್ಬವಿಲ್ಲ. ಎಲ್ಲ ಲೆಕ್ಕ ಹಾಕಿದ್ದೆ. ಒಂದನ್ನು ಹಾಕಿರಲಿಲ್ಲ. ಆ ವಾರ ಮುಗಿದರೆ ಧನುರ್ಮಾಸ, ಧನುರ್ಮಾಸದಲ್ಲಿ ಮದುವೆಯಿಲ್ಲ, ಆದ್ದರಿಂದ ಆ ಭಾನುವಾರವೇ ಆ ವರ್ಷದ ಕೊನೆಯ ಮುಹೂರ್ತ.

ಶುಕ್ರವಾರ ನಾನು ರಜೆ ಹಾಕಿ ಸಭಾಂಗಣದಲ್ಲೇ ಇದ್ದೆ. ಅಂಕೋಲೆಯ ಕಡೆಯ ಒಬ್ಬ ರೈತ ಟೆಂಪೋ ತಂದು ಬಾಗಿಲಿಗೆ ಹಚ್ಚಿ, ನೇರ ಒಂದನೆಯ ಮೇಜಿಗೆ ಹೋಗಿ, ತಾಮ್ರದ ದೊಡ್ಡ ಕೊಪ್ಪರಿಗೆಯ ಕಿವಿಗೆ ಕೈ ಹಾಕಿದ.

"ಮುಟ್ಟಬಾರದು" ಎಂದೆ.

"ಮುಟ್ಟೂದಿಲ್ಲ, ಒಯ್ತೆ" ಎಂದ. "ಭಾನುವಾರ ಮಗಳ ಮದುವೆ. ಇದು ನಮ್ಮನೆದು."

"ಭಾನುವಾರ ಸಾಹೇಬರು ಪರೀಕ್ಷೆಗೆ ಬರುತ್ತಾರೆ. ಮರುದಿನ ಒಯ್ಯಿರಿ. ಮದುವೆಗೆ ಬಾಡಿಗೆ ಪಾತ್ರೆ ತರಬಹುದಲ್ಲ?"

ಅವನು ನನ್ನನ್ನು ಕರುಣೆಯಿಂದ ನೋಡಿದ. "ನನ್ನ ಮದುವೆ ಪಾಯಸ ಇದರಲ್ಲೇ ಮಾಡಿದ್ದು. ನಮ್ಮಪ್ಪನ ಮದುವೇದೂ ಇದರಲ್ಲೇ. ಬೀಗರ ಮುಂದೆ ಬಾಡಿಗೆ ಪಾತ್ರೆ ಇಡೂಕೆ ಆಗ್ತದ್ರಾ? ಮಾಸ್ತರರು ಮಾತು ಕೊಟ್ಟಾರೆ, ಕೇಳಿ."

ಮಾಸ್ತರರು ನೆಲ ನೋಡುತ್ತಿದ್ದರು. ಮಾತು ಕೊಟ್ಟಿದ್ದರೆ ಕೊಟ್ಟಂತೆ. ಅದು ನನ್ನ ನಿಯಮವೂ ಹೌದು. ಆದರೂ ಬರವಣಿಗೆಯಲ್ಲಿ ಅರ್ಜಿ ಬೇಕೆಂದೆ. ಅವನು ಕಿಸೆಯಿಂದ ಮದುವೆಯ ಆಮಂತ್ರಣ ತೆಗೆದು, ಹಿಂಬದಿಗೆ "ನನ್ನ ಕೊಪ್ಪರಿಗೆ ನನಗೆ ಬೇಕು" ಎಂದು ಬರೆದು, ತಿರುಗಿಸಿ ಮುಂಬದಿ ತೋರಿಸಿ, "ನೀವೂ ಬರಬೇಕು" ಎಂದ. ಒಂದೇ ಕಾಗದದಲ್ಲಿ ಅರ್ಜಿಯೂ ಆಮಂತ್ರಣವೂ ಮುಗಿಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಅಂಕೋಲೆಗೆ ಮುಟ್ಟಿತ್ತು. ಆ ಊರಿನಲ್ಲಿ ಒಂದು ಮನೆಯ ಮದುವೆಯೆಂದರೆ ಇಡೀ ಕೇರಿಯ ಪಾತ್ರೆಪಡಗ ಅಲ್ಲಿ ಹೋಗಿ ಸೇರಬೇಕು. ಯಾರ ಮನೆಯದು ಹೋಗಲಿಲ್ಲವೋ ಆ ಮನೆಯೆಂದರೆ ಊರಿಗೆ ಸಸಾರ. ಕೊಪ್ಪರಿಗೆ ಹೋಯಿತೆಂದು ಹಿತ್ತಾಳೆಯ ಸೌಟಿನವರು ಬಂದರು. ಸೌಟು ಹೋಯಿತೆಂದು ಕಾಲುದೀಪದವರು ಬಂದರು. "ಅವರ ದೀಪ ಮಂಟಪದಲ್ಲಿ ನಿಂತು, ನಮ್ಮ ಹರಿವಾಣ ಇಲ್ಲಿ ಕಾರವಾರದಲ್ಲಿ ಕೂತ್ರೆ ಜನ ಎಂಥ ಹೇಳ್ತಾರೆ?" ಎಂದಳು ಒಬ್ಬ ಅಮ್ಮ. ನಾನು ಎಲ್ಲರಿಂದಲೂ ಅರ್ಜಿ ಬರೆಸಿಕೊಂಡೆ. ಶನಿವಾರ ಸಂಜೆಗೆ ನಲವತ್ತೊಂದರಲ್ಲಿ ಇಪ್ಪತ್ತಮೂರು ವಸ್ತುಗಳು ಅಂಕೋಲೆಗೆ ಹೋಗಿದ್ದವು. ಇಪ್ಪತ್ತಮೂರು ಅರ್ಜಿ ನನ್ನ ಫೈಲಿನಲ್ಲಿದ್ದವು.

ಒಯ್ದವರು ಸಜ್ಜನರು. ಮೇಜು ಬರಿದಾಗಿ ಕಾಣಬಾರದೆಂದು ಕೆಲವರು ಬದಲಿಗೆ ಏನಾದರೂ ಇಟ್ಟುಹೋಗಿದ್ದರು. ಕೊಪ್ಪರಿಗೆಯ ಜಾಗದಲ್ಲಿ ಒಂದು ಅಲ್ಯುಮಿನಿಯಂ ಡಬರಿ ಕುಳಿತಿತ್ತು. ನಾನು ಇನ್ನೂ ಗಮನಿಸಿರಲಿಲ್ಲ. ಎದುರಿಗಿದ್ದ ಚೀಟಿ ಹಾಗೆಯೇ ಇತ್ತು: ಸುಮಾರು ನೂರು ವರ್ಷ ಹಳೆಯದು. ದೇವಬಾಗದ ಕಡಲತೀರಕ್ಕೆ ಪ್ರವಾಸ ಬಂದಿದ್ದ ಒಬ್ಬ ಸಂಭಾವಿತರು ಅದರ ಮುಂದೆ ಬಹಳ ಹೊತ್ತು ಬಗ್ಗಿ ನಿಂತು ನೋಡಿ, ನನ್ನ ಕೈ ಕುಲುಕಿದರು.

"ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ" ಎಂದರು. "ಅಂಗಡಿಯ ಸ್ಟಿಕರ್ ಕೂಡ ಹಾಗೇ ಇದೆ."

೬. ಕ್ರಮಸಂಖ್ಯೆ ಹದಿನೇಳು

ಭಾನುವಾರ ಹತ್ತು ಗಂಟೆಗೆ ಸಾಹೇಬರು ಬಂದರು. ಬಿಳಿ ಪ್ಯಾಂಟು, ಬಿಳಿ ಅಂಗಿ, ಕೈಯಲ್ಲಿ ನನ್ನ ಪಟ್ಟಿಯ ಒಂದು ಪ್ರತಿ. ಮಾಸ್ತರರ ಮುಖದಲ್ಲಿ ರಕ್ತವಿರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಹೆಂಡತಿ ಗುಜರಿಯವನ ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದನ್ನು ನೋಡಿ ಬಂದಿದ್ದರು.

"ಸಾರ್, ಕಳವಾಗಿದೆ ಅಂದುಬಿಡುವಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಸಾರ್" ಎಂದೆ ಸಾಹೇಬರಿಗೆ, "ಹದಿನೆಂಟು ವಸ್ತು ಇಲ್ಲಿವೆ. ಇಪ್ಪತ್ತಮೂರು ಮದುವೆಗೆ ಹೋಗಿವೆ."

"ಯಾವ ಮದುವೆಗೆ?"

"ಒಂದೇ ಮದುವೆಗೆ, ಸಾರ್. ಅಂಕೋಲೆಯಲ್ಲಿ." ಅರ್ಜಿಗಳ ಫೈಲು ಮುಂದಿಟ್ಟೆ.

ಅವರು ಇಪ್ಪತ್ತಮೂರನ್ನೂ ಓದಿದರು. "ಪಟ್ಟಿ ತಾಳೆ ನೋಡುತ್ತೇನೆ ಎಂದಿದ್ದೆ. ಎಲ್ಲಿ ಅಂತ ಹೇಳಿರಲಿಲ್ಲ" ಎಂದು ಹದಿನೆಂಟಕ್ಕೆ ಗುರುತು ಹಾಕಿ, "ಜೀಪು ಹತ್ತಿ" ಎಂದರು.

ನಾವು ಚಪ್ಪರ ಹೊಕ್ಕಾಗ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಸರಕಾರಿ ಜೀಪು ನೋಡಿ ಮದುಮಗಳ ತಂದೆ, ಕೊಪ್ಪರಿಗೆ ಒಯ್ದ ರೈತ, ಧಾವಿಸಿ ಬಂದ; ಪರೀಕ್ಷೆಗೆ ಬಂದಿದ್ದೇವೆ ಎಂದೆ. ಪರೀಕ್ಷೆ ಎಂದರೆ ಅವನ ಕಿವಿಗೆ ಏನು ಕೇಳಿತೋ, ಮಗಳ ವಯಸ್ಸಿನ ಸರ್ಟಿಫಿಕೇಟು ತರಲು ಒಳಗೆ ಓಡಿದ. ಅವನನ್ನು ಹಿಡಿದು ನಿಲ್ಲಿಸಿ ವಿಷಯ ಹೇಳಿದೆ.

"ಇಷ್ಟೇ ಅಲ್ದಾ? ಎಲ್ಲಾ ಇಲ್ಲೇ ಇದ್ದಾವೆ, ನೋಡಿಕೊಳ್ಳಿ. ಆದರೆ ಮದುವೆಮನೆಗೆ ಬಂದವರು ಖಾಲಿ ಹೊಟ್ಟೆಯಲ್ಲಿ ಲೆಕ್ಕ ಮಾಡೂಕೆ ನಾನು ಬಿಡೂದಿಲ್ಲ."

ಸಾಹೇಬರು ಬೇಡವೆಂದರೂ ಕೇಳದೆ, ತೋಳು ಹಿಡಿದು ಒಯ್ದು ಪಂಕ್ತಿಯ ತುದಿಯಲ್ಲಿ ಕೂರಿಸಿದ. ಸಾಹೇಬರು ಬಲಗೈಯಲ್ಲಿ ಕೋಸಂಬರಿ, ಎಡಗೈಯಲ್ಲಿ ಪೆನ್ನು ಹಿಡಿದರು. "ನೀವು ಓದಿ, ಮಾಸ್ತರರು ತೋರಿಸಲಿ" ಎಂದು ನನಗೆ ಆಜ್ಞೆಯಾಯಿತು.

ನಾನು ಪಂಕ್ತಿಯ ಎದುರು ನಿಂತು ಗಟ್ಟಿಯಾಗಿ ಓದತೊಡಗಿದೆ. ಒಂದು, ತಾಮ್ರದ ಕೊಪ್ಪರಿಗೆ. ಹಿತ್ತಲ ಒಲೆಯ ಮೇಲೆ ಅದರಲ್ಲಿ ಪಾಯಸ ಕುದಿಯುತ್ತಿರುವುದು ಕಂಡಿತು, ಗುರುತು ಬಿತ್ತು. ನಾಲ್ಕು, ಹಿತ್ತಾಳೆಯ ಸೌಟು. ಅದು ಸಾರು ಬಡಿಸುವವನ ಕೈಯಲ್ಲಿ ಪಂಕ್ತಿಯ ಆ ತುದಿಗೆ ಓಡುತ್ತಿತ್ತು. ಮಾಸ್ತರರು ಹಿಂದೆ ಓಡಿದರು. ಬಡಿಸುವವನು, ಯಾರೋ ಸಾರಿಗೆ ಇಷ್ಟು ಅವಸರ ಮಾಡುತ್ತಿದ್ದಾರೆಂದು ತಿಳಿದು ತಿರುಗಿ ಮಾಸ್ತರರ ಅಂಗೈಗೇ ಒಂದು ಸೌಟು ಹಾಕಿದ. "ಇದೆ" ಎಂದು ಅಲ್ಲಿಂದ ಕೂಗು ಬಂತು. ಒಂಬತ್ತು, ಗಿಂಡಿ. ಅದು ಪುರೋಹಿತರ ಕೈಯಲ್ಲಿತ್ತು. ಅವರು ಮಂತ್ರ ನಿಲ್ಲಿಸದೆ ಎತ್ತಿ ತೋರಿಸಿ ಮತ್ತೆ ಕೆಳಗಿಟ್ಟರು. ಕಾಲುದೀಪ ಉರಿಯುತ್ತಿತ್ತು. ಹರಿವಾಣದ ಅಮ್ಮ ತಾನೇ ಸಾಹೇಬರ ಮುಂದೆ ತಂದು ಹಿಡಿದು, "ನಮ್ಮನೆದು, ಬರಕೊಳ್ಳಿ" ಎಂದು ಎರಡು ಸಲ ಹೇಳಿದಳು. ಹೊಟ್ಟೆ ತುಂಬಿದವರಿಗೂ ಇದೇ ಕಾರ್ಯಕ್ರಮವೆನಿಸಿ ಯಾರೂ ಏಳಲಿಲ್ಲ. ಪ್ರತಿ ಗುರುತಿಗೂ ಒಂದು ಸಂತೋಷದ ಗುಜುಗುಜು.

ಇಪ್ಪತ್ತೆರಡು ಸಿಕ್ಕವು. ಒಂದು ಸಿಗಲಿಲ್ಲ.

"ಹದಿನೇಳು" ಎಂದು ಮತ್ತೆ ಓದಿದೆ. "ಹಲಸಿನ ಮರದ ಮಣೆ. ನಾಲ್ಕು ಮೂಲೆಗೆ ಹಿತ್ತಾಳೆಯ ಹೂವು. ತೊಂಬತ್ತು ವರ್ಷ. ಕೂರುವಂತಿಲ್ಲ."

ಮಾಸ್ತರರು ಅಡಿಗೆಮನೆ ನೋಡಿದರು, ಮಂಟಪ ನೋಡಿದರು, ಮದುಮಗನನ್ನು ಎಬ್ಬಿಸಿಯೂ ನೋಡಿದರು. ಇಲ್ಲ. ಸಾಹೇಬರು ಪೆನ್ನು ಎಲೆಯ ಬದಿಗಿಟ್ಟರು. "ಒಂದು ಕಡಿಮೆಯಿದ್ದರೂ ಇಲ್ಲ ಎಂದಿದ್ದೆ" ಎಂದರು, ಬೇಸರದಿಂದಲೇ.

ಆಗ ನನ್ನ ಕಣ್ಣಿಗೆ ಬಿತ್ತು. ಪಂಕ್ತಿಯವರೆಲ್ಲ ಚಾಪೆಯ ಮೇಲಿದ್ದರು. ಸಾಹೇಬರೊಬ್ಬರೇ ಒಂದು ಗೇಣು ಎತ್ತರದಲ್ಲಿದ್ದರು. ಬಿಳಿ ಪ್ಯಾಂಟಿನ ಅಡಿಯಿಂದ ಹಿತ್ತಾಳೆಯ ಒಂದು ಹೂವು ಇಣುಕುತ್ತಿತ್ತು. ದೊಡ್ಡವರು ಬಂದರೆಂದು ಮದುಮಗಳ ತಂದೆ ಮನೆಯ ಅತಿ ಒಳ್ಳೆಯ ಮಣೆಯನ್ನೇ ಹಾಕಿದ್ದ.

ಮಾಸ್ತರರೂ ಕಂಡರು. ನನ್ನ ಅಂಗಿ ಜಗ್ಗಿದರು. "ಸಾರ್, ಹೇಳಬೇಡಿ. ಊಟದ ನಡುವೆ ಎಬ್ಬಿಸಿದರೆ ಕೋಣೆ ಹೋಯ್ತು."

"ಹೇಳದಿದ್ದರೆ ಹದಿನೇಳು ಇಲ್ಲ ಎಂದಾಗುತ್ತದೆ. ಆಗಲೂ ಹೋಯಿತು."

"ಇಷ್ಟು ಜನರ ಮುಂದೆ ಅವರ ಮರ್ಯಾದೆ?"

"ಪಟ್ಟಿಗೆ ಮರ್ಯಾದೆಯ ಅಂಕಣ ಇಲ್ಲ" ಎಂದು, ಗಂಟಲು ಸರಿಮಾಡಿಕೊಂಡು ಹೇಳಿದೆ: "ಸಾರ್, ಹದಿನೇಳು ನಿಮ್ಮ ಕೆಳಗಿದೆ."

ಚಪ್ಪರದಲ್ಲಿ ಸೌಟಿನ ಸದ್ದೂ ನಿಂತಿತು. ಪುರೋಹಿತರು ಮಂತ್ರ ಮರೆತರು. ಸಾಹೇಬರು ನನ್ನನ್ನು ನೋಡಿದರು. ಬಲಕ್ಕೆ ಬಾಗಿ ಎರಡು ಹೂವು ಎಣಿಸಿದರು. ಎಡಕ್ಕೆ ಬಾಗಿ ಇನ್ನೆರಡು ಎಣಿಸಿದರು. ನೆಟ್ಟಗೆ ಕೂತು, ಎಡಗೈಯಲ್ಲಿ ಪೆನ್ನು ತೆಗೆದುಕೊಂಡು ಗುರುತು ಹಾಕಿ, ಪಟ್ಟಿಯ ಕೆಳಗೆ "ಎರಡೂ ಕೋಣೆ ಮಂಜೂರು" ಎಂದು ಸೊಟ್ಟ ಅಕ್ಷರದಲ್ಲಿ ಬರೆದು ಸಹಿ ಮಾಡಿದರು. ಮಾಸ್ತರರು ಸಾರಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಮೆಣಸು ಹತ್ತಿ ಇನ್ನಷ್ಟು ಅತ್ತರು.

ನಾನು ಪಟ್ಟಿ ತೆಗೆದುಕೊಂಡು ನೋಡಿದೆ. "ಸಾರ್, ಹದಿನೇಳರ ಎದುರು ನಿಮ್ಮ ಷರಾ ಬಾಕಿ ಇದೆ. ಕೂರುವಂತಿಲ್ಲ ಎಂದು ಬರೆದಿರುವ ವಸ್ತು. ಖಾಲಿ ಬಿಡಲು ಬರುವುದಿಲ್ಲ."

ಪಾಯಸದವನು ಆಗಷ್ಟೇ ಎಲೆಯ ಹತ್ತಿರ ಬಂದಿದ್ದ. ಸಾಹೇಬರು ಅವನಿಗೆ ಬಡಿಸು ಎಂದು ಸನ್ನೆ ಮಾಡಿ, ನನ್ನ ಕಡೆ ತಿರುಗಿದರು.

"ಬರಕೊಳ್ಳಿ. ವಸ್ತು ಗಟ್ಟಿಯಾಗಿದೆ, ಎಂಬತ್ತಾರು ಕಿಲೋ ತಡೆಯುತ್ತದೆ. ಪರೀಕ್ಷೆ ಇನ್ನೂ ನಡೆಯುತ್ತಿದೆ. ಎರಡನೇ ಸಲ ಪಾಯಸ ಬಂದ ಮೇಲೆ ಮುಗಿಯುತ್ತದೆ."